ಗುಡ್ಡದಲ್ಲಿ ಓಗೊಟ್ಟವರು

ಆ ಚಾರಣಕ್ಕೆ ನನಗೆ ತಗಲಿದ್ದು ಅರ್ಧ ಜೀಪು ಬಾಡಿಗೆ ಮತ್ತು ಎಡ ಮೊಣಕಾಲು. ಬಾಡಿಗೆ ಅರ್ಧಕ್ಕಿಳಿದದ್ದು ಮಳೆ ಪೂರ್ತಿ ಹೋಗಿರಲಿಲ್ಲವೆಂದು. ಮೊಣಕಾಲು ಹೋದದ್ದೂ ಅದಕ್ಕೇ.

ಇಂಥದ್ದನ್ನು ನಾನು ನಂಬುವವನಲ್ಲ. ಬಂಟ್ವಾಳದಲ್ಲಿ ಕೊಡೆ, ರೈನ್‌ಕೋಟ್ ಮಾರಿ ಮೇಲೆ ಬಂದವನು. ಗುಡ್ಡದಲ್ಲಿ ಏನೋ ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಹೊಟ್ಟೆ ಖಾಲಿ ಇದ್ದಿರಬೇಕು ಎಂದು ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ಕೊನೆ. ಅಂಗಡಿಗೆ ಕೊಡೆ ಕೇಳಿಕೊಂಡು ಜನ ಬರುವುದು ನಿಂತಿತ್ತು; ನನ್ನ ಮಟ್ಟಿಗೆ ಮಳೆಗಾಲ ಮುಗಿದಿತ್ತು. ದುಬೈಯಿಂದ ರಜೆಯಲ್ಲಿ ಬಂದಿದ್ದ ಹೆಂಡತಿಯ ತಮ್ಮನಿಗೆ ವಾಪಸಾಗುವ ಮೊದಲು ಘಟ್ಟ ಹತ್ತುವ ಆಸೆ. ಘಟ್ಟದ ಬುಡದ ನೆರಿಯದ ಜೀಪಿನವನು, "ನವೆಂಬರ್ ಆಗಲಿ ಅಣ್ಣ. ಈಗ ಮಧ್ಯಾಹ್ನದ ಮೇಲೆ ಮಂಜು ಕೂತರೆ ದಾರಿ ಕಾಣುದಿಲ್ಲ" ಎಂದ. ಸೀಸನ್ ದರ ಕೀಳುವ ಉಪಾಯವೆಂದುಕೊಂಡು ಅರ್ಧಕ್ಕೆ ಒಪ್ಪಿಸಿದೆ.

ನಮ್ಮ ಕಡೆ ನಾವಿಬ್ಬರೂ ಒಬ್ಬರಿಗೊಬ್ಬರು ಭಾವನೇ. ಹೊರಟ ದಿನ ಶೀತವಾಗಿ ಭಾವನ ಸ್ವರ ಬೆಳಿಗ್ಗೆಯೇ ಕಟ್ಟಿತ್ತು, ಬರೀ ಪಿಸುಮಾತು. ಇವತ್ತು ದುಬೈ ಪುರಾಣ ಕೇಳುವ ಕಷ್ಟವಿಲ್ಲ ಎಂದು ಕಾಲೆಳೆದೆ.

ಜೀಪು ಕೆಳಗೆ ನಿಂತಿತು, ನಾವಿಬ್ಬರೇ ಹತ್ತಿದೆವು. ಇಳಿಯುವಾಗ ಮಂಜು ಕವಿಯಿತು, ಹಿಂದೆಯೇ ಮಳೆ. ಮುಂದಿದ್ದ ಭಾವ ಕಾಣದಾದರು. "ಕೂ" ಎಂದು ಕೂಗಿದೆ. ಎಡಗಡೆ ಕೆಳಗಿನಿಂದ ಸ್ಪಷ್ಟವಾಗಿ "ಕೂ" ಎಂದು ಬಂತು. ದಾರಿ ಇದ್ದದ್ದು ಬಲಕ್ಕೆ. ಬೈದುಕೊಳ್ಳುತ್ತ ಎಡಕ್ಕೆ ಇಳಿದೆ, ಜಾರಿದೆ, ಮೊಣಕಾಲು ಬಂಡೆಗೆ ಹೊಡೆಯಿತು. ಮತ್ತೆ ಕೂಗಿದೆ; ಉತ್ತರ ಇನ್ನೂ ಹತ್ತಿರದಿಂದ ಬಂತು. ಅಲ್ಲಿ ತೋಡಿನಲ್ಲಿ ಭಾವ ಬಿದ್ದಿದ್ದರು. ಪಾದ ಕಲ್ಲುಗಳ ಸಂದಿಗೆ ಸಿಕ್ಕಿತ್ತು, ಏರುವ ನೀರು ಎದೆಗೆ ಬಂದಿತ್ತು. ಕಲ್ಲು ಸರಿಸಿ ಎಳೆದು ಹಾಕಿದೆ.

"ನೀವು ಕೂ ಹಾಕದಿದ್ದರೆ ನಾನು ಬಲಕ್ಕೇ ಹೋಗ್ತಿದ್ದೆ ಮಾರಾಯ್ರೆ" ಎಂದೆ.

"ನನಗೆ ಸ್ವರ ಎಲ್ಲುಂಟು ಭಾವ?" ಎಂದು ಪಿಸುಗುಟ್ಟಿದರು. "ಅದು ನನ್ನ ಬೆನ್ನ ಹಿಂದಿನಿಂದ ಬಂತು. ಜೀಪಿನವನು ಅಂತ ಗ್ರಹಿಸಿದೆ."

ಬೆನ್ನ ಹಿಂದೆ ಇದ್ದದ್ದು ನೆಟ್ಟಗಿನ ಬಂಡೆ. ಅವರನ್ನು ಹೆಗಲಿಗೆ ಆನಿಸಿಕೊಂಡು ಇಳಿಯುವಷ್ಟರಲ್ಲಿ ಹೆದರುವ ತ್ರಾಣವೂ ಉಳಿದಿರಲಿಲ್ಲ. ಜೀಪಿನವನು ಜೀಪಿನಲ್ಲೇ ಮಲಗಿದ್ದ. ಅಂಗಿ ಒಣಗಿಯೇ ಇತ್ತು.

ಪ್ರತಿಧ್ವನಿ ಎನ್ನುವಿರಿ. ನಾನೂ ಅಂದೆ. ನವೆಂಬರಿನಲ್ಲಿ ಪೂರ್ತಿ ಬಾಡಿಗೆ ಕೊಟ್ಟು ಅಲ್ಲಿಗೇ ಹೋಗಿ ಗಂಟಲು ಒಣಗುವವರೆಗೆ ಕೂಗಿದೆ. ಏನೂ ತಿರುಗಿ ಬರಲಿಲ್ಲ. ಯೋಚಿಸಿ ಯೋಚಿಸಿ ಈಗ ಸಾಕಾಗಿದೆ.

ನೀವು ಹೋಗುವುದಾದರೆ ನವೆಂಬರಿನಿಂದ ಜನವರಿಯೊಳಗೆ ಹೋಗಿ. ಆಮೇಲೆ ಬಿಸಿಲು, ಒಣಹುಲ್ಲಿಗೆ ಬೆಂಕಿಯ ಭಯ. ಪ್ರತಿಯೊಬ್ಬರ ಕೊರಳಲ್ಲೂ ಒಂದು ಸೀಟಿ ಇರಲಿ. ಬಾಡಿಗೆಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಜೀಪಿನವನು ಹೇಳಿದ ತಿಂಗಳಿಗೆ ಮಾಡಬೇಡಿ.