ಕಾಯಿಸಿದರೆ ಆಯಿತು ಎಂದಿದ್ದೆ

ಹಾಲಿನವಳು ಮೋಸ ಮಾಡಲಿಲ್ಲ. ಬೇಡ ಎಂದವಳು ಅವಳು, ಹಟ ಮಾಡಿ ಹಾಕಿಸಿಕೊಂಡವಳು ನಾನು.

ಮೊನ್ನೆ ಅಡುಗೆಮನೆಯ ಗೂಡು ಒರೆಸುವಾಗ ಸಕ್ಕರೆ ಡಬ್ಬಿಯ ಹಿಂದೆ ಒಂದು ಕಾಗದದ ಪಟ್ಟಿ ಸಿಕ್ಕಿತು. ಬೆರಳುದ್ದ, ಮೇಲೆ ಎರಡು ಕೆಂಪು ಗೆರೆ. ಮೊಮ್ಮಗಳು ವೈಟ್‌ಫೀಲ್ಡಿನ ಲ್ಯಾಬಿನಲ್ಲಿ ಇಂಥವನ್ನೇ ಮಾಡುತ್ತಾಳೆ; ಸಣ್ಣ ಡೈರಿಯವರೂ ಕೊಳ್ಳುವಷ್ಟು ಅಗ್ಗವಾಗಬೇಕಂತೆ. ಹಾಲಿಗೆ ಅದ್ದಿದರೆ ಎರಡು ಗೆರೆ ಬರಬೇಕು. ಒಂದೇ ಬಂದರೆ ಹಸುವಿಗೆ ಕೊಟ್ಟ ಆಂಟಿಬಯೋಟಿಕ್ ಹಾಲಿಗೂ ಇಳಿದಿದೆ ಎಂದರ್ಥ.

ಆ ಪಟ್ಟಿ ಅದ್ದಿದ ಕಾಲಕ್ಕೆ ಪಟ್ಟಂದೂರು ಅಗ್ರಹಾರದ ನಮ್ಮ ಬಿಲ್ಡಿಂಗಿನ ಅಷ್ಟೂ ಮನೆಗೆ ಹಿಂದಿನ ಬೀದಿಯ ಹಾಲಿನವಳದೇ ಹಾಲು. ಎರಡು ಹಸು ಕಟ್ಟಿದ್ದಳು. ಒಂದು ಬೆಳಿಗ್ಗೆ ಬರಿಗೈಯಲ್ಲಿ ಬಾಗಿಲಿಗೆ ಬಂದಳು.

“ಅಜ್ಜಿ, ಕೆಂಪು ಹಸೀಗೆ ಕೆಚ್ಚಲು ಬಾವು. ಡಾಕ್ಟ್ರು ಸೂಜಿ ಆಕವ್ರೆ. ಇನ್ನೊಂದ್ರ ಹಾಲು ಮಕ್ಳಿರೋ ಮನೆಗೇ ಸರಿಯಾಯ್ತು. ನಿಮ್ಗೆ ನಾಕ್ ದಿನ ಇಲ್ಲ.”

“ಕೆಂಪು ಹಸುದು ಏನ್ ಮಾಡ್ದೆ?”

“ಕರೆದು ಮಡಗಿವ್ನಿ... ಮೋರಿಗೆ ಚೆಲ್ಲಕ್ಕೆ ಮನಸ್ ಬರಲ್ಲ. ಗಿಡದ ಬುಡಕ್ಕೆ ಉಯ್ತೀನಿ.”

“ಅದನ್ನೇ ತಾರೇ. ಚೆನ್ನಾಗಿ ಕಾಯಿಸಿದ್ರೆ ಎಲ್ಲಾ ಹೋಗುತ್ತೆ. ಪ್ಯಾಕೆಟ್ ಹಾಲಿನ ಕಾಫಿ ನನ್ನ ಗಂಟಲಲ್ಲಿ ಇಳಿಯಲ್ಲ. ನಾನೂ ದನ ಕಟ್ಟಿದವಳೇ, ನನಗೇ ಹೇಳಿಕೊಡ್ತೀಯಾ?”

ಆ ಮಾತಿಗೆ ಅವಳು ಬಗ್ಗಿದಳು. ತಂದು ಹಾಕಿದಳು. ನಾನು ಮೂರು ಸಲ ಉಕ್ಕಿಸಿದೆ.

ಸಂಜೆ ಮೊಮ್ಮಗಳು ಸುಮ್ಮನೆ ನೋಡೋಣವೆಂದು ಅದಕ್ಕೆ ಪಟ್ಟಿ ಅದ್ದಿದಳು. ಒಂದೇ ಗೆರೆ.

“ಕುದಿಸಿದ್ರೆ ಕ್ರಿಮಿ ಸಾಯುತ್ತೆ ಅಜ್ಜಿ, ಔಷಧಿ ಎಲ್ಲಿಗೆ ಹೋಗುತ್ತೆ?”

ಮೊಮ್ಮಗಳ ದನಿ ಎದುರು ಮನೆಗೂ ಕೇಳಿತು. ಹಾಲಿನವಳು ಸಂಜೆಯ ಕ್ಯಾನು ಹಿಡಿದು ಬರುವಷ್ಟರಲ್ಲಿ ಮೆಟ್ಟಿಲ ತುಂಬ ಜನ, ಒಂದೇ ಗೆರೆಯ ಪಟ್ಟಿ ಕೈಯಿಂದ ಕೈಗೆ.

“ನಾನೇ ಕೇಳಿ ಹಾಕಿಸಿಕೊಂಡಿದ್ದು ಕಣ್ರೀ,” ಎಂದೆ.

“ಕೇಳಿದ್ರೆ ಕೊಟ್ಬಿಡೋದಾ?” ಎಂದಳು ಎದುರು ಮನೆಯವಳು. “ಹಂಗಾದ್ರೆ ನಮ್ಮ ಮಕ್ಕಳಿಗೆ ಇಷ್ಟು ದಿನ ಏನೇನು ಕುಡಿಸಿದ್ದಾಳೋ!”

ನಿಜ ಹೇಳಿ ಹಾಲಿನವಳನ್ನು ಇನ್ನಷ್ಟು ಸಿಕ್ಕಿಸಿದ್ದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಕೊಡಬಾರ್ದಿತ್ತು ಅಕ್ಕ, ತಪ್ಪಾಯ್ತು,” ಎಂದಳು, ಅಷ್ಟೇ. ಆಮೇಲೆ ಯಾರೂ ಅವಳ ಹಾಲು ಕೊಳ್ಳಲಿಲ್ಲ. ಹಸುಗಳನ್ನು ಮಾರಿ ಹೊರಟುಹೋದಳು. ಎಲ್ಲಿಗೋ... ನಾನು ವಿಚಾರಿಸಲೂ ಇಲ್ಲ. ಈಗ ನಮ್ಮ ಮನೆಗೂ ಪ್ಯಾಕೆಟ್ ಹಾಲೇ. ಗಂಟಲಲ್ಲಿ ಇಳಿಯುತ್ತಿದೆ.

ಮೆಟ್ಟಿಲಲ್ಲಿ ಅಷ್ಟೆಲ್ಲ ಆದ ಮಾರನೆಯ ಬೆಳಿಗ್ಗೆ ತಂಬಿಗೆ ಹಿಡಿದು ಗೇಟಿನಲ್ಲಿ ನಾನೊಬ್ಬಳೇ ನಿಂತಿದ್ದೆ. ಅವಳು ಬಂದಳು, ತಂಬಿಗೆಗೆ ಹಾಲು ಹಾಕದೆ ಕ್ಯಾನಿನ ಮುಚ್ಚಳ ತೆಗೆದು ಹಿಡಿದಳು.

“ಇದು ಇನ್ನೊಂದು ಹಸೀದು. ಮದ್ಲು ಪಟ್ಟಿ ಅದ್ದಿ ನೋಡಿ ಅಜ್ಜಿ.”

ಒಳಗಿಂದ ಹೊಸ ಪಟ್ಟಿ ತಂದು ನಾನೇ ಅದ್ದಿದೆ. ಎರಡು ಗೆರೆ ಬಂದವು. ಎತ್ತಿ ಹಿಡಿದು ಮೇಲಿನವರನ್ನೆಲ್ಲ ಕೂಗಿದೆ. ಯಾರೂ ಇಳಿದು ಬರಲಿಲ್ಲ. ಆ ಪಟ್ಟಿಯನ್ನು ಒಳಗೆ ಒಯ್ದು ಸಕ್ಕರೆ ಡಬ್ಬಿಗೆ ಒರಗಿಸಿಟ್ಟೆ.