ನಕಾಶೆಯಲ್ಲಿ ಹಸಿರಾದ ಊರು

ಇವತ್ತು ಬೆಳಿಗ್ಗೆ ಚಹಾದ ಪಾತ್ರೆಯ ತಳದಲ್ಲಿ ಕಟ್ಟಿದ ಬಿಳಿ ಪೊರೆ ಕೆರೆಯುತ್ತಿದ್ದಾಗ, ಘಟಪ್ರಭಾದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಮೇಡಂ ನೆನಪಾದರು. ಮೈಸೂರು ಕಡೆಯವರು, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ರಜೆ ಸಿಕ್ಕರೆ ಸಾಕು, ಬಾಟಲಿಗಳ ಚೀಲ ಹೊತ್ತು ಮೂಡಲಗಿ ಬಸ್ಸು ಹತ್ತುತ್ತಿದ್ದರು.

ಕಾಲುವೆ ಬಂದ ಮೇಲೆ ಆ ಕಡೆ ನೆಲ, ನೀರು ಎರಡೂ ಉಪ್ಪೇರಿ ಸವಳಾಗುತ್ತಿದ್ದವು. ಯಾವ ಊರಿನ ನೀರು ಯಾವ ವರ್ಷ ಎಷ್ಟು ಕೆಟ್ಟಿತು ಎಂದು ಮೇಡಂ ನಕಾಶೆ ಮಾಡುತ್ತಿದ್ದರು. ಹಳೆಯ ವರ್ಷಗಳನ್ನು ನೋಡಿ ಮೊದಲೊಂದು ಅಂದಾಜು; ಹೊಸ ನೀರು ಸಿಕ್ಕಂತೆ ಅದನ್ನು ತಿದ್ದುವುದು; ನೋಡದ ಬೋರನ್ನು ಸುತ್ತಲಿನ ಬೋರುಗಳಿಂದ ಊಹಿಸುವುದು. ಬೇಸಿಯನ್ ಪದ್ಧತಿ ಅನ್ನುತ್ತಿದ್ದರು.

"ಹುಡುಗಿ ನೋಡೂಕಿಂತ ಮೊದಲ ಓಣಿಯವರ್ನ ಕೇಳಿದಂಗಾತಲ್ರಿ" ಎಂದು ಛೇಡಿಸಿದ್ದೆ. "ಅದೇ ಅನ್ನಿ" ಎಂದು ನಕ್ಕಿದ್ದರು.

ನನ್ನ ಅಕ್ಕನ ಊರು ನಕಾಶೆಯಲ್ಲಿ ಹಸಿರಾಗಿ ಬಂತು. ನೀರು ಚಲೋ ಇದೆ ಎಂದರ್ಥ. ಅದನ್ನು ನೋಡಿ ಸರಕಾರದ ಶುದ್ಧ ನೀರಿನ ಘಟಕ ಕೆಂಪು ಬಂದ ಬೇರೆ ಊರಿಗೆ ಹೋಯಿತು.

ಆಮೇಲೊಮ್ಮೆ ಅಕ್ಕ ಬಂದಾಗ ಬಾಯಿಬಿಟ್ಟಳು. ಹಗಲು ಕರೆಂಟ್ ಇಲ್ಲದೆ ಬೋರು ನಡೆಯದ್ದರಿಂದ, ಊರವರು ತಮ್ಮ ಮನೆಗಳಲ್ಲಿ ತುಂಬಿಟ್ಟ ಬೋರಿನ ನೀರನ್ನು ಮೇಡಂ ಕೇಳಿದ್ದರಂತೆ. "ಮನಿಗೆ ಬಂದವರಿಗೆ ಸವಳ ನೀರ ಹೆಂಗ ಕೊಡೂದು? ಗುಡಿ ಬಾವಿ ಸಿಹಿ ನೀರ ಕೊಟ್ವಿ. ಓಣ್ಯಾಗ ಎಲ್ಲಾರೂ ಅದನ್ನ ಕೊಟ್ಟಾರ." ಆ ಬಾವಿ ದೂರ. ಹೊತ್ತು ತಂದ ನೀರು ಬೀಗರಿಗೆ, ಬಂದವರಿಗೆ. ಮನೆಯವರ ಹೊಟ್ಟೆಗೆ ಬೋರಿನದೇ.

ನಾನು ಹೇಳಿದಾಗ ಮೇಡಂ ಮೊದಲು ನಕ್ಕರು. ಆಮೇಲೆ ಮುಖ ಬಿಳಿಚಿತು. "ಆ ಊರಿನ ಬೋರೆಲ್ಲ ಒಂದೇ ಥರ ಬಂತಲ್ಲಾಂತ ಖುಷಿಪಟ್ಟಿದ್ದೆ..." ಮತ್ತೆ ಹೋಗಿ ಬೋರಿನ ಬಾಯಿಗೇ ಬಾಟಲಿ ಹಿಡಿದು ತಂದರು. ಊರು ಕಡುಗೆಂಪಾಯಿತು. ಹೊಸ ನಕಾಶೆ ಹಿಡಿದು ಕಚೇರಿಗಳಿಗೆ ಅಲೆದರು. "ಹ್ವಾದ ಸಲ ನೀವ ಚಲೋ ಐತಿ ಅಂದಿದ್ರಿ" ಎಂದು ಅಲ್ಲಿಯವರು ಸಾಗಹಾಕಿದರು.

ಅಷ್ಟರಲ್ಲಿ ಅಕ್ಕನ ಕಿಡ್ನಿ ಸೋತಿತ್ತು... ಮುಂದಿನ ಬೇಸಿಗೆಯಲ್ಲಿ ಹೋಗಿಬಿಟ್ಟಳು.

ಸಾವಿನ ಮನೆಗೆ ಮಾತಾಡಿಸಲು ಬಂದ ಮೇಡಂ ಮುಂದೆ ಅಕ್ಕನ ಅತ್ತೆ ಸಿಹಿ ನೀರಿನ ತಂಬಿಗೆ ಇಟ್ಟರು. ಮೇಡಂ ಅದನ್ನು ಮುಟ್ಟಲಿಲ್ಲ. ಎದ್ದು ಹೋಗಿ ಮೂಲೆಯ ಕೊಡದಿಂದ ಬೋರಿನ ನೀರು ಮೊಗೆದು ಕುಡಿದರು.

ಬೀಳ್ಕೊಡುವಾಗ ಬಾಗಿಲಲ್ಲಿ ಅವರ ಕೈ ಹಿಡಿದೆ. "ನೀರಿನಿಂದ ಅಲ್ಲಂತ ಹೇಳ್ರಿ ಮೇಡಂ."

"ನೀರಿಂದಲೇ ಅಂತ ಹೇಳೋಕಾಗಲ್ಲ. ಅಲ್ಲ ಅಂತಲೂ ಹೇಳಲಾರೆ" ಅಂದರು. ಅಳುತ್ತಿದ್ದರು. ನನಗೋ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು.

ಅವರಿಗೆ ವರ್ಗವಾಯಿತು. ಹೋದ ತಿಂಗಳು ತೀರಿಕೊಂಡರೆಂದು ಈಗ ಗೊತ್ತಾಗಿದೆ. ಸಿಟ್ಟು ಯಾವಾಗಲೋ ಇಳಿದಿದೆ, ಸಂಕಟ ಇಳಿದಿಲ್ಲ. ಅಂದು ಅವರು 'ಅಲ್ಲ' ಅಂದಿದ್ದರೆ, ಸುಳ್ಳೆಂದು ತಿಳಿದೂ ನಂಬುತ್ತಿದ್ದೆ. ಆ ಹೆಣ್ಣುಮಗಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.