ನೂಲು ಹರಿದ ಸನ್ನೆ

ಜನವರಿಯ ಬೆಳಗು. ಏಳಕ್ಕೆ ಇನ್ನೂ ಐದು ನಿಮಿಷವಿದೆ. ನಾಗಪುರದ ಹತ್ತಿಗಿರಣಿಯೊಂದರ ನೂಲು ಸುತ್ತುವ ವೈಂಡಿಂಗ್ ವಿಭಾಗದಲ್ಲಿ ಯಲ್ಲಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ತಮ್ಮ ಯಂತ್ರದ ಮುಂದೆ ನಿಲ್ಲುತ್ತಾರೆ. ಅರಳೆಯ ಧೂಳು ಹತ್ತಿದ ಕಿಟಕಿಯ ಗಾಜಿನಾಚೆ ಬೆಳಕು ಬೂದಿಯ ಬಣ್ಣದ್ದು. ಪಾಳಿಯ ಭೋಂಗಾ ಕೂಗುತ್ತದೆ, ಯಂತ್ರಗಳು ಕಿವಿಗಡಚಿಕ್ಕುವಂತೆ ಶುರುವಾಗುತ್ತವೆ. ಆ ಕ್ಷಣದಿಂದ ಮಧ್ಯಾಹ್ನ ಮೂರೂವರೆಯವರೆಗೆ, ಊಟದ ಅರ್ಧ ಗಂಟೆ ಕಳೆದು ಎಂಟು ಗಂಟೆ ಕಾಲ, ಇಲ್ಲಿ ಬಾಯಿಗೆ ಕೆಲಸವಿಲ್ಲ.

ಮಾತೆಲ್ಲ ಕೈಯದು. ಮುಷ್ಟಿಯನ್ನು ಬಾಯಿಗೆ ಎತ್ತಿದರೆ ನೀರು ಬೇಕು. ಭುಜ ಮುಟ್ಟಿಕೊಂಡರೆ ಮೇಲ್ವಿಚಾರಕ ಜಾಬರ್ ಬರುತ್ತಿದ್ದಾನೆ, ಹುಷಾರು. ಎರಡು ತೋರುಬೆರಳುಗಳನ್ನು ಜೋಡಿಸಿ ಸಟ್ಟನೆ ಬೇರೆ ಎಳೆದರೆ ನೂಲು ಹರಿಯಿತು. ಗಿರಣಿಯಲ್ಲಿ ಇಂಥ ಸನ್ನೆಗಳು ಹತ್ತೊಂಬತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ, ಹದಿನೆಂಟರ ಹರೆಯದಲ್ಲಿ, ಮಗ್ಗದ ಕೆಲಸಗಾರ ಗಂಡ ಶಂಕರಪ್ಪನವರೊಡನೆ ಗೋಕಾಕದಿಂದ ಬಂದ ಯಲ್ಲಮ್ಮ ಅವನ್ನು ಮೊದಲ ವಾರದಲ್ಲೇ ಕಲಿತರು.

ಆ ಹತ್ತೊಂಬತ್ತರಲ್ಲಿ ಹನ್ನೆರಡು ಅವರ ಮನೆಯೊಳಗೂ ಬಂದಿವೆ. ಮದುವೆಯಾಗಿ ಹದಿಮೂರು ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು ವನಜಾಕ್ಷಿ. ಮೂರು ತುಂಬಿದರೂ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಎಡಗಿವಿ ಪೂರ್ತಿ ಕೇಳಿಸದು, ಬಲಗಿವಿಗೆ ಅಲ್ಪಸ್ವಲ್ಪ ಕೇಳಿಸುತ್ತದೆ ಎಂದರು ವೈದ್ಯರು. ಒಂದು ಸಂಜೆ ದಣಿದು ಬಂದ ಯಲ್ಲಮ್ಮ ಮೈಮರೆತು, ಗಿರಣಿಯಲ್ಲೇ ಇರುವವರಂತೆ, ಮುಷ್ಟಿಯನ್ನು ಬಾಯಿಗೆ ಎತ್ತಿದರು. ಮರುದಿನ ಕೂಸು ತಂಬಿಗೆಯ ಮುಂದೆ ನಿಂತು ತನ್ನ ಮುಷ್ಟಿಯನ್ನು ಬಾಯಿಗೆ ಎತ್ತಿತು.

"ಮೂರು ವರ್ಷದಾಗ ಅಕಿ ನನ್ನ ಬಾಯಿಬಿಟ್ಟು ಕೇಳಿದ್ದು ಅದ ಮೊದಲರಿ," ಎನ್ನುತ್ತಾರೆ ಯಲ್ಲಮ್ಮ. ಬಾಯಿ ಬಿಟ್ಟಿರಲಿಲ್ಲ ಎಂಬುದು ಅವರಿಗೆ ನೆನಪಾಗುವುದಿಲ್ಲ.

ಎರಡು ವರ್ಷದಲ್ಲಿ ಸನ್ನೆಗಳು ನಲವತ್ತೊಂದಾದವು. ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ. ಕೆನ್ನೆಗೆ ಕೈ ಕೊಟ್ಟರೆ ನಿದ್ದೆ. ಭುಜ ಮುಟ್ಟಿಕೊಂಡರೆ ಅಪ್ಪ ಬಂದ. "ನನ್ನ ಜಾಬರ್ ಮಾಡಿಟ್ಟಾರ ತಾಯಿ-ಮಗಳು. ಪಗಾರ ಮಾತ್ರ ಹಳೇದ," ಎಂದು ಶಂಕರಪ್ಪ ನಗುತ್ತಿದ್ದರು. ನೂಲು ಹರಿದ ಸನ್ನೆಗೆ ಮನೆಯಲ್ಲಿ ನೋವು ಎಂಬ ಅರ್ಥ ಬಂತು. ಬೆರಳು ಎಳೆದು, ನೋಯುವ ಜಾಗ ಮುಟ್ಟಿ ತೋರಿಸಬೇಕು. ಇಷ್ಟೇ ವ್ಯಾಕರಣ.

ಐದು ತುಂಬಿದಾಗ, ೧೯೮೦ರ ಜೂನಿನಲ್ಲಿ, ಮಗಳನ್ನು ಒಂದು ಶಾಲೆಗೆ ಸೇರಿಸಿದರು. ಕೈಯಾಡಿಸಿದರೆ ಮಗು ಎಂದೂ ಮಾತು ಕಲಿಯದು, ದನಿ ಹೊರಡುವವರೆಗೆ ಉತ್ತರ ಕೊಡಬೇಡಿ ಎಂದು ಅಲ್ಲಿ ಕಟ್ಟುನಿಟ್ಟಾಗಿ ಹೇಳಿದರು. "ಕಲಿತವರು ಹೇಳ್ಯಾರ, ಬರೋಬರ್ ಇರಬೇಕು ಅಂದ್ವಿ," ಎನ್ನುತ್ತಾರೆ ಯಲ್ಲಮ್ಮ. ಗಂಡ ಹೆಂಡತಿ ಮನೆಯಲ್ಲಿ ಕೈ ಕಟ್ಟಿಕೊಂಡರು. ಐದು ತಿಂಗಳು.

ಐದನೆಯ ತಿಂಗಳಲ್ಲಿ ಒಂದು ಸಂಜೆ ವನಜಾಕ್ಷಿ ಎರಡು ಬೆರಳು ಎಳೆದು ಬಲಗಿವಿ ಮುಟ್ಟಿಕೊಂಡಳು. ಯಲ್ಲಮ್ಮ ಒಲೆಯ ಕಡೆಗೆ ಮುಖ ತಿರುಗಿಸಿದರು. ಮೊದಲ ದಿನ ಎರಡು ಸಲ ತೋರಿಸಿದಳು. ಎರಡನೆಯ ದಿನ ಐದು ಸಲ. ಮೂರನೆಯ ದಿನ ಒಂದು ಸಲವೂ ಇಲ್ಲ. ನಾಲ್ಕನೆಯ ಬೆಳಗ್ಗೆ ದಿಂಬಿನ ಮೇಲೆ ಕೀವು, ರಕ್ತ. ಕಿವಿ ಒಣಗಿತು, ಇದ್ದ ಅಲ್ಪಸ್ವಲ್ಪವೂ ಹೋಯಿತು.

"ಅಕಿ ಹೇಳಿದ್ಲರಿ. ಏಳು ಸಲ ಹೇಳಿದ್ಲು. ಕೇಳಲಾರದಾಕಿ ನಾನು."

ಆ ವಾರವೇ ಮಗಳನ್ನು ಶಾಲೆ ಬಿಡಿಸಿದರು. ವನಜಾಕ್ಷಿಗೆ ಈಗ ಎಂಟು ವರ್ಷ. ಸನ್ನೆಗಳು ಅರವತ್ತಮೂರಾಗಿವೆ, ಬಲ್ಲವರು ಮೂವರೇ. ತಾಯಿ ತಂದೆ ಗಿರಣಿಗೆ ಹೋದ ಮೇಲೆ ಅವಳು ಇತವಾರಿ ಪೇಟೆಯ ಹಿಂದಿನ ಗಲ್ಲಿಯಲ್ಲಿ, ಮನೆಯ ಮೆಟ್ಟಿಲ ಮೇಲೆ, ಹಾಯುವ ಕೈಗಾಡಿಗಳನ್ನು ನೋಡುತ್ತ ಕೂರುತ್ತಾಳೆ. ಗಲ್ಲಿಯಲ್ಲಿ ಇವರದನ್ನು ಬಿಟ್ಟು ಇಪ್ಪತ್ತೆಂಟು ಮನೆ. ಮೂರು ವರ್ಷದಿಂದ, ಪಾಳಿ ಮುಗಿಸಿ ಬಂದ ಮೇಲೆ, ಯಲ್ಲಮ್ಮ ಆ ಮನೆಗಳಿಗೆ ಒಂದೇ ಒಂದು ಸನ್ನೆ ಕಲಿಸಲು ಹೆಣಗುತ್ತಿದ್ದಾರೆ.

ಇಂದು ನಳದ ಬಳಿ ರೈಲ್ವೆ ನೌಕರರೊಬ್ಬರ ಹೆಂಡತಿ, ಹಾಸನದ ಕಡೆಯ ಅಂಬುಜಾ, ಕೊಡ ಹಿಡಿದು ನಿಂತಿದ್ದಾರೆ.

"ಏನ್ರೀ ಯಲ್ಲಮ್ಮ, ಗಲ್ಲೀನೇ ಗಿರಣಿ ಮಾಡಿಬಿಟ್ರಲ್ಲ. ಇನ್ನು ಭೋಂಗಾ ಒಂದು ಬಾಕಿ."

"ಭೋಂಗಾಕ್ಕ ನೀವ ಇದ್ದೀರಲ್ಲ, ಅಂಬುಜಾಬಾಯಿ. ಕೊಡ ಕೆಳಗ ಇಡ್ರಿ. ಬೆರಳು ಜೋಡಸ್ರಿ. ಎಳೀರಿ."

ಅಂಬುಜಾ ನಗುತ್ತಲೇ ಎಳೆಯುತ್ತಾರೆ. ಮೆಟ್ಟಿಲಿನಿಂದ ಎದ್ದು ಬಂದ ವನಜಾಕ್ಷಿ ಅವರ ಬೆರಳುಗಳನ್ನು ಹಿಡಿದು, ತುದಿಗೆ ತುದಿ ಸರಿಯಾಗಿ ಕೂಡಿಸಿ, ತಾನೇ ಎಳೆದು ತೋರಿಸುತ್ತಾಳೆ. ಅಂಬುಜಾ ನಗು ನಿಲ್ಲಿಸುತ್ತಾರೆ. "ಹೀಗಾ, ಮಗಾ?" ಎನ್ನುತ್ತಾರೆ, ಕೇಳಿಸದು ಎಂಬುದನ್ನು ಮರೆತು.

ಇದು ಹನ್ನೊಂದನೆಯ ಮನೆ. ಮೂರು ಮನೆಯವರು ಹೊಸ್ತಿಲ ಮುಂದೆ ಹರಿಯುವ ಸನ್ನೆ ಅಪಶಕುನವೆಂದು ಬಾಗಿಲು ಹಾಕಿಕೊಂಡಿದ್ದಾರೆ. ಹದಿನಾಲ್ಕು ಮನೆಯವರು ನಾಳೆ ಎನ್ನುತ್ತಾರೆ. ಮೂರು ವರ್ಷಕ್ಕೆ ಹನ್ನೊಂದಾದರೆ ಉಳಿದ ಹದಿನೇಳಕ್ಕೆ ನಾಲ್ಕು ವರ್ಷ ಎಂಟು ತಿಂಗಳು ಬೇಕು. ಯಲ್ಲಮ್ಮನವರ ಎದೆಯಲ್ಲಿ ಇಪ್ಪತ್ತೆರಡು ವರ್ಷದ ಅರಳೆ ಕೂತಿದೆ. ನಳದಿಂದ ಮನೆಯ ಮೆಟ್ಟಿಲವರೆಗಿನ ಮೂವತ್ತು ಹೆಜ್ಜೆಯಲ್ಲಿ ಅವರು ಎರಡು ಕಡೆ ನಿಂತು ಕೆಮ್ಮುತ್ತಾರೆ. ಇನ್ನೆಷ್ಟು ವರ್ಷ ಎಂಬ ಲೆಕ್ಕ ವೈದ್ಯರು ಹೇಳಿಲ್ಲ. ಯಲ್ಲಮ್ಮನವರೂ ಕೇಳಿಲ್ಲ.

"ಅರವತ್ತಮೂರೂ ಬ್ಯಾಡರಿ, ಅದೊಂದ ಸಾಕು," ಎನ್ನುತ್ತಾರೆ ಮೆಟ್ಟಿಲ ಮೇಲೆ ಕೂತು, ಮಗಳ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು. "ನಾ ಇಲ್ಲದಾಗ ಅಕಿ ಎರಡು ಬೆರಳು ಎಳದರ, ಯಾರರೆ ಒಬ್ಬರು ಮುಖ ತಿರುಗಸಬಾರದು. ಎಲ್ಲಿ ಅಂತ ಗದ್ದ ಎತ್ತಿದ್ರೂ ಸಾಕು. ಉಳಿದದ್ದು ಅಕಿನ ತೋರಸ್ತಾಳ."